ನಲವತ್ತು ಚೀಟಿಗಳಲ್ಲಿ ಒಂದು

ಶಾಂತಕ್ಕನಿಗೆ ಸಿಟ್ಟು ಬಂತೆಂದರೆ ಮೊದಲು ಸೆರಗು ಸೊಂಟಕ್ಕೆ ಏರುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಗಂಗಾವತಿಯ ಕಡೆ, ಮರಳಿ ಎಂಬ ಊರಿನಿಂದ ಮೂರು ಮೈಲಿ ಆಚೆಗಿರುವ ಆ ಹಳ್ಳಿಯಲ್ಲಿ ಇದು ಎಲ್ಲರಿಗೂ ಗೊತ್ತು. ಹೆತ್ತವರು ಏನು ನೋಡಿ ಈ ಹೆಸರಿಟ್ಟರೋ ಎಂದು ಬೆನ್ನ ಹಿಂದೆ ನಗುವವರು, ಅವಳು ಹತ್ತಿರ ಬಂದ ಕೂಡಲೇ ನಗು ನುಂಗಿಕೊಂಡು ‘ಬರ್ರಿ ಅಕ್ಕಾ’ ಎನ್ನುತ್ತಾರೆ. ಯಾಕೆಂದರೆ ನಾಟಿಯ ದಿನಗಳಲ್ಲಿ ಹದಿನೆಂಟು ಹೆಣ್ಣುಮಕ್ಕಳ ತಂಡ ಅವಳ ಮಾತಿನ ಮೇಲೆ ಗದ್ದೆಗಿಳಿಯುತ್ತದೆ, ಅವಳ ಮಾತಿನ ಮೇಲೆ ದಡದಲ್ಲೇ ನಿಲ್ಲುತ್ತದೆ. ಅವಳನ್ನು ಎದುರು ಹಾಕಿಕೊಂಡ ಮನೆಯ ಸಸಿ ಮಡಿಯಲ್ಲೇ ಬಲಿತು ಹುಲ್ಲಾಗುತ್ತದೆ.

ಹುಟ್ಟಿದ್ದು ಕುಷ್ಟಗಿಯ ಕಡೆ, ಜೋಳ ತೊಗರಿ ಬೆಳೆಯುವ ಒಣ ನೆಲದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದಾಗ ಕಾಲುವೆಯಲ್ಲಿ ತುಂಬಿ ಹರಿಯುವ ನೀರು ಕಂಡು, ಇಷ್ಟು ನೀರಿರುವ ಊರಲ್ಲಿ ಜಗಳವಾದರೂ ಯಾಕೆ ಇದ್ದೀತು ಅಂದುಕೊಂಡಿದ್ದಳಂತೆ. ಈಗ ಆ ಮಾತು ನೆನಪಿಸಿದರೆ ಬೈಸಿಕೊಳ್ಳಬೇಕಾಗುತ್ತದೆ. ಗಂಡ ಗುರುಬಸವ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವವನು, ಯಾರೊಂದಿಗೂ ದನಿ ಎತ್ತಿ ಮಾತಾಡಿದವನಲ್ಲ. ಹಾಗಾಗಿ ಮನೆಗೆ ಬೇಕಾದ ಸಿಟ್ಟನ್ನೆಲ್ಲ ಅವಳೊಬ್ಬಳೇ ಹೊತ್ತಳು. ಇಪ್ಪತ್ತು ವರ್ಷ ಮಂದಿಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ದುಡಿದು ಒಂದು ಎಕರೆ ಗದ್ದೆ ಕೊಂಡಳು, ತನ್ನ ಹೆಸರಿನಲ್ಲೇ. ಅಲ್ಲಿಯವರೆಗೆ ಅವಳ ಸಿಟ್ಟು ಯಾರ ಮೇಲೆ ಬೇಕಾದರೂ ಬೀಳುತ್ತಿತ್ತು. ಎಕರೆ ಬಂದ ಮೇಲೆ ಅದು ಒಂದೇ ಕಡೆ ತಿರುಗಿತು, ನೀರಿನ ಪಾಳಿಯ ಕಡೆ.

ಅವಳ ಗದ್ದೆ ಇರುವುದು ಕಾಲುವೆಯ ಒಂದು ತೂಬಿನ ಕೆಳಗೆ. ಆ ತೂಬಿನ ಬಾಗಿಲು ಎತ್ತಿದರೆ ಹರಿಯುವ ನೀರಿಗೆ ನಲವತ್ತು ಎಕರೆ, ಒಂಬತ್ತು ಮನೆ. ಕುಬೇರಪ್ಪನದು ಹದಿನಾಲ್ಕು ಎಕರೆ, ದೊಡ್ಡಬಸಪ್ಪನದು ಒಂಬತ್ತು, ಮಲ್ಲೇಶನದು ಆರು, ಹೊನ್ನೂರಪ್ಪನದು ನಾಲ್ಕು. ತಾಜಬೀಗೂ ಸುಭಾಷನಿಗೂ ಎರಡೆರಡು. ಇನ್ನುಳಿದ ಮೂರು ಮನೆಗಳಿಗೆ ಒಂದೊಂದೇ ಎಕರೆ: ನಾಟಿ ತಂಡದ ಪಂಪಾವತಿ, ತೂಬಿನ ಕೀಲಿ ಇಟ್ಟುಕೊಳ್ಳುವ ನೀರಗಂಟಿ ಮಂಜೂರ, ಮತ್ತು ಶಾಂತಕ್ಕ. ನೀರು ಎಲ್ಲರಿಗೂ ಒಟ್ಟಿಗೆ ಸಾಲದು. ಎಕರೆಗೆ ಎಂಟು ತಾಸಿನಂತೆ ಒಂದು ಮನೆಯ ಗದ್ದೆಗಳು ತುಂಬಿದ ಮೇಲೆ ಇನ್ನೊಂದು ಮನೆಗೆ ಹೋಗಬೇಕು. ಹೀಗೆ ನಲವತ್ತು ಎಕರೆ ಸುತ್ತಿ ಬರಲು ಹದಿಮೂರು ದಿನದ ಮೇಲೆ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಯಾರು ಮೊದಲು, ಯಾರು ಕೊನೆ ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡುತ್ತಾರೆ.

ಹದಿಮೂರು ದಿನ ಏನು ಮಹಾ ಎಂದು ಕೇಳುವವರು ಭತ್ತ ಬೆಳೆದವರಲ್ಲ. ಮಡಿಯಲ್ಲಿ ಎಬ್ಬಿಸಿದ ಸಸಿಯನ್ನು ಇಪ್ಪತ್ತೈದು ದಿನದ ಆಸುಪಾಸಿನಲ್ಲಿ ಕಿತ್ತು ನಾಟಿ ಮಾಡಿದರೆ ಅದು ಬುಡದಲ್ಲಿ ಹಲವು ಕವಲು ಬಿಟ್ಟು ಸೊಗಸಾಗಿ ತೆಂಡೆ ಒಡೆಯುತ್ತದೆ. ಹತ್ತು ದಿನ ತಡವಾದರೆ ಗಂಟು ಕಟ್ಟಿ ಒಂಟಿ ಕಡ್ಡಿಯಾಗಿ ನಿಲ್ಲುತ್ತದೆ. ಅದೂ ಹೋಗಲಿ ಎಂದರೆ ಹಂಗಾಮಿನ ಕೊನೆಗೆ ಕಾಲುವೆ ಬಂದ್ ಮಾಡುವ ದಿನ ಎಲ್ಲರಿಗೂ ಒಂದೇ. ಮೊದಲು ನೆಟ್ಟವನ ತೆನೆ ಅಷ್ಟೊತ್ತಿಗೆ ಬಲಿತು ಬಾಗಿರುತ್ತದೆ, ಕೊನೆಗೆ ನೆಟ್ಟವಳ ತೆನೆಯಲ್ಲಿ ಇನ್ನೂ ಹಾಲು. ಆ ಹಾಲು ಅಲ್ಲೇ ಒಣಗಿ ಜೊಳ್ಳಾಗುತ್ತದೆ. ಶಾಂತಕ್ಕ ತಾನೇ ಕುಬೇರಪ್ಪನ ಗದ್ದೆಗೆ ಮೊದಲ ವಾರ ಎಳೆ ಸಸಿ ನೆಟ್ಟು, ತನ್ನ ಎಕರೆಗೆ ಬಲಿತ ಕಡ್ಡಿ ನೆಡುತ್ತಿದ್ದಳು. ಎರಡೂ ಕಡೆ ಕೈ ಅದೇ.

ಚೀಟಿಯ ಪದ್ಧತಿ ಹಳೆಯದು. ಹಿಂದೆ ಹೊಲಗಾಲುವೆಯ ಹೂಳನ್ನು ಮಂದಿಯೇ ಸಲಿಕೆ ಹಿಡಿದು ತೆಗೆಯುತ್ತಿದ್ದರು, ಎಕರೆಗೆ ಒಂದು ಆಳಿನಂತೆ. ಹೂಳು ತೆಗೆದು ಮೇಲೆ ಬಂದ ಒಬ್ಬೊಬ್ಬ ಆಳೂ ತನ್ನ ಮನೆಯ ಹೆಸರು ಬರೆಸಿದ ಒಂದೊಂದು ಚೀಟಿಯನ್ನು ತಾಮ್ರದ ಕೊಡಕ್ಕೆ ಹಾಕುತ್ತಿದ್ದ. ಈಗ ಹೂಳು ತೆಗೆಯುವುದು ಜೆಸಿಬಿ, ಅರ್ಧ ದಿನದ ಕೆಲಸ. ಆಳುಗಳು ಹೋದರು, ಚೀಟಿಗಳು ಉಳಿದವು. ಕುಬೇರಪ್ಪನ ಹೆಸರಿನವು ಹದಿನಾಲ್ಕು, ಶಾಂತಕ್ಕನ ಹೆಸರಿನದು ಒಂದು. ಒಟ್ಟು ನಲವತ್ತು. ಕೊಡಕ್ಕೆ ಹೇಮಗುಡ್ಡದ ದುರ್ಗಮ್ಮನ ಕುಂಕುಮ ಹಚ್ಚಿ, ತೂಬಿನ ಪಕ್ಕದ ಬೇವಿನ ಕಟ್ಟೆಯ ಮೇಲೆ ಇಟ್ಟು, ಪೂಜಾರಿ ಕಣ್ಣು ಮುಚ್ಚಿ ಒಂದೊಂದೇ ಎತ್ತುತ್ತಾನೆ. ಹೆಸರು ಬಂದ ಮನೆಗೆ ಪಾಳಿ ಗೊತ್ತಾಯಿತು. ಅದೇ ಮನೆಯ ಹೆಸರು ಮತ್ತೆ ಬಂದರೆ ಚೀಟಿ ಪಕ್ಕಕ್ಕಿಡುತ್ತಾರೆ. ಬಂದ ಪಾಳಿ ದೇವಿ ಕೊಟ್ಟ ಪಾಳಿ. ಅದರ ಮೇಲೆ ಮಾತಿಲ್ಲ.

ಹನ್ನೆರಡು ಹಂಗಾಮು ಹೀಗೆ ನಡೆಯಿತು. ಹನ್ನೆರಡರಲ್ಲಿ ಒಂಬತ್ತು ಸಲ ಶಾಂತಕ್ಕನ ಪಾಳಿ ಏಳನೆಯದು, ಎಂಟನೆಯದು, ಇಲ್ಲವೇ ಒಂಬತ್ತನೆಯದು. ಕುಬೇರಪ್ಪ ಎಂಟು ಸಲ ಮೊದಲೆರಡರಲ್ಲಿ ಬಂದ, ನಾಲ್ಕನೆಯದರ ಕೆಳಗೆ ಒಮ್ಮೆಯೂ ಇಳಿಯಲಿಲ್ಲ. ಒಂದೇ ಒಂದು ವರ್ಷ ಅವಳಿಗೆ ನಾಲ್ಕನೆಯ ಪಾಳಿ ಬಂದಿತ್ತು. ಅದನ್ನು ಊರು ಅವಳಿಗೆ ಮರೆಯಲು ಬಿಡಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಆ ವರ್ಷ ಬಂದಿರಲಿಲ್ಲವೇನು, ದೇವಿ ಕಣ್ಣು ತೆರೆದಿರಲಿಲ್ಲವೇನು ಎನ್ನುತ್ತಿದ್ದರು. ಒಂದು ಊಟ ಹಾಕಿ ಹನ್ನೊಂದು ದಿನ ಉಪವಾಸ ಕೆಡವಿದವರು ಆ ಒಂದು ಊಟವನ್ನೇ ಹಾಡಿಕೊಂಡು ತಿರುಗಿದ ಹಾಗೆ.

ಕಳೆದ ಜನವರಿಯಲ್ಲಿ, ಬೇಸಿಗೆ ಬೆಳೆಯ ಚೀಟಿ ಎತ್ತುವಾಗ, ಅವಳಿಗೆ ತಡೆಯಲಾಗಲಿಲ್ಲ. ಮೊದಲನೆಯ ಚೀಟಿ ಕುಬೇರಪ್ಪನದು. ಎರಡನೆಯ ಸಲ ಎತ್ತಿದ್ದೂ ಕುಬೇರಪ್ಪನದೇ, ಪಕ್ಕಕ್ಕಿಟ್ಟರು. ಮೂರನೆಯದು ದೊಡ್ಡಬಸಪ್ಪನದು. ಶಾಂತಕ್ಕ ಸೆರಗು ಬಿಗಿದು ಕಟ್ಟೆ ಹತ್ತಿದಳು.

‘ಚೀಟಿನಾಗ ಮೋಸ ಐತಿ,’ ಅಂದಳು. ‘ದೊಡ್ಡವರ ಚೀಟಿ ಬ್ಯಾರೆ ನಮೂನಿ ಮಡಿಚ್ಯಾರ. ಕೊಡ ಸುರುವ್ರಿ.’

ಯಾರೂ ಕೈ ಹಚ್ಚದಿದ್ದಾಗ ತಾನೇ ಕೊಡ ಬೋರಲು ಹಾಕಿದಳು. ಉಳಿದ ಚೀಟಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿದಳು. ಎಲ್ಲ ಒಂದೇ ನೋಟುಬುಕ್ಕಿನ ಹಾಳೆ, ಒಂದೇ ಅಳತೆ, ಒಂದೇ ಮಡಿಕೆ, ಮಂಜೂರನ ಕೈಬರಹ. ಒದ್ದೆಯಾದದ್ದಿಲ್ಲ, ದಪ್ಪವಾದದ್ದಿಲ್ಲ, ಗುರುತು ಮಾಡಿದ್ದಿಲ್ಲ. ಅವಳ ಹೆಸರಿನದೂ ಅಲ್ಲೇ ಇತ್ತು, ಉಳಿದವುಗಳ ಹಾಗೆಯೇ. ಕುಬೇರಪ್ಪ ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಅವನು ಬೈಯಲಿಲ್ಲ, ಮುಗುಳ್ನಕ್ಕ. ಪಾಪ, ನಾಟಿ ಮಾಡಿ ಮಾಡಿ ತಲೆ ಬಿಸಿಯಾಗಿದೆ, ಬಿಡ್ರಿ ಎಂದ. ಹಿರಿಯರು ಕೂತು ಮಾತಾಡಿ, ದೇವಿಯ ಕೊಡ ಬೋರಲು ಹಾಕಿದ ತಪ್ಪಿಗೆ ಅವಳು ಅದನ್ನು ತಲೆಯ ಮೇಲೆ ಹೊತ್ತು ಹೇಮಗುಡ್ಡಕ್ಕೆ ಹೋಗಿ, ತೆಂಗಿನಕಾಯಿ ಒಡೆದು ತಪ್ಪೊಪ್ಪಿಕೊಂಡು ಬರಬೇಕೆಂದು ತೀರ್ಮಾನ ಮಾಡಿದರು.

ಹೋಗಿ ಬಂದಳು. ದಾರಿಯುದ್ದಕ್ಕೂ ಗುರುಬಸವ ಹಿಂದೆ ಹಿಂದೆ ನಡೆದ. ಬಂದ ಮೇಲೆ, ಇನ್ನಾದರೂ ಬಿಟ್ಟುಬಿಡು, ನಮ್ಮ ಹಣೆಬರಹ ಹಾಗಿದೆ ಎಂದ. ಅವಳಿಗೆ ಊರಿನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೇ ಬಂದಿತ್ತು. ಕಳ್ಳನನ್ನು ಹಿಡಿಯಲು ಹೋಗಿ ಕೈಯಲ್ಲಿ ಗಾಳಿ ಹಿಡಿದು ನಿಂತಿದ್ದಳು. ಮೋಸ ಇಲ್ಲ ಎಂದು ತನ್ನ ಕಣ್ಣಲ್ಲೇ ನೋಡಿದ್ದಳು. ಆದರೆ ಹನ್ನೆರಡರಲ್ಲಿ ಒಂಬತ್ತು ಸಲ ಎಂಬುದೂ ಸುಳ್ಳಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದು ಹೊಟ್ಟೆಯೊಳಗೆ ಮುಳ್ಳಿನ ಹಾಗೆ ಉಳಿಯಿತು.

ಉತ್ತರ ಹೊಳೆದದ್ದು ಬೇಸಿಗೆ ಬೆಳೆ ಕಟಾವಾಗಿ ಕೆಲಸವಿಲ್ಲದ ಮೇ ತಿಂಗಳ ಒಂದು ಮಧ್ಯಾಹ್ನ. ತವರಿನಿಂದ ಅಣ್ಣ ಜೋಳದ ಚೀಲ ಕಳಿಸಿದ್ದ. ಹಸನು ಮಾಡಲು ಮೊರಕ್ಕೆ ಸುರಿದರೆ ಜೋಳದ ನಡುವೆ ಅಲ್ಲೊಂದು ಇಲ್ಲೊಂದು ತೊಗರಿ ಕಾಳು. ಅವಳಿಗೆ ಅಪ್ಪನ ಬಿತ್ತನೆ ನೆನಪಾಯಿತು. ಜೋಳದ ಬೀಜದಲ್ಲಿ ಒಂದು ಹಿಡಿ ತೊಗರಿ ಬೆರೆಸಿ ಅಪ್ಪ ಅವಳ ಉಡಿಗೆ ಹಾಕುತ್ತಿದ್ದ, ಅವಳು ಕೂರಿಗೆಯ ಹಿಂದೆ ನಡೆಯುತ್ತ ಮುಷ್ಟಿ ಮುಷ್ಟಿ ತೆಗೆದು ಬಿಡುತ್ತಿದ್ದಳು. ಮುಷ್ಟಿಗೆ ಬರುತ್ತಿದ್ದದ್ದೆಲ್ಲ ಜೋಳವೇ. ತೊಗರಿ ಎಲ್ಲೋ ಒಂದು. ತೊಗರಿಯ ಮೇಲೆ ದೇವರಿಗೆ ಮುನಿಸು ಎಂದು ಯಾರೂ ಅನ್ನಲಿಲ್ಲ. ಬೆರೆಸಿದ್ದೇ ಅಷ್ಟು, ಬರುವುದೂ ಅಷ್ಟೇ.

ಮೊರ ಅಲ್ಲೇ ಬಿಟ್ಟು ಎದ್ದಳು. ಅಡುಗೆಮನೆಯ ಡಬ್ಬಿಯಿಂದ ಹುಣಸೆಬೀಜ ತಂದು ಒಂದೇ ಗಾತ್ರದ ನಲವತ್ತನ್ನು ಆರಿಸಿದಳು. ಹದಿನಾಲ್ಕಕ್ಕೆ ಸುಣ್ಣ ಬಳಿದು ಒಣಗಿಸಿದಳು, ಅವು ಕುಬೇರಪ್ಪ. ಒಂದಕ್ಕೆ ಕುಂಕುಮ ಹಚ್ಚಿದಳು, ಅದು ತಾನು. ಉಳಿದ ಇಪ್ಪತ್ತೈದು ಹಾಗೆಯೇ ಕಪ್ಪಗಿದ್ದವು. ಎಲ್ಲವನ್ನೂ ಗಡಿಗೆಗೆ ಹಾಕಿ ಕುಲುಕಿ, ಮುಖ ತಿರುಗಿಸಿಕೊಂಡು ಒಂದೊಂದೇ ತೆಗೆದಳು. ಬಿಳಿ ಮೊದಲು ಬಂತೋ ಕೆಂಪು ಮೊದಲು ಬಂತೋ ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಳು. ಮತ್ತೆ ಎಲ್ಲ ಒಳಗೆ, ಮತ್ತೆ ಕುಲುಕು. ಮೂವತ್ತು ಸಲ ಹೀಗೆ ಮಾಡಿದಾಗ ಬಿಳಿಯ ಕಡೆ ಇಪ್ಪತ್ತೆಂಟು ಗೆರೆ, ಕೆಂಪಿನ ಕಡೆ ಎರಡು.

ಅಲ್ಲಿ ಕುಬೇರಪ್ಪ ಇರಲಿಲ್ಲ, ಪೂಜಾರಿ ಇರಲಿಲ್ಲ, ಬೀಜ ತೆಗೆದದ್ದು ಅವಳದೇ ಕೈ. ಆಮೇಲೆ ಅವಳಿಗೆ ಇನ್ನೊಂದು ಕಂಡಿತು. ಕಪ್ಪು ಬೀಜಗಳು ಎಷ್ಟಾದರೂ ಇರಲಿ, ಬಿಳಿಗೂ ಕೆಂಪಿಗೂ ನಡುವಿನ ಪಂದ್ಯದಲ್ಲಿ ಅವುಗಳಿಗೆ ಕೆಲಸವಿಲ್ಲ. ಆ ಪಂದ್ಯದಲ್ಲಿರುವುದು ಹದಿನೈದೇ ಬೀಜ. ಹದಿನೈದರಲ್ಲಿ ಹದಿನಾಲ್ಕು ಅವನವು. ಅಂದರೆ ಹದಿನೈದು ಸಲ ಚೀಟಿ ಎತ್ತಿದರೆ ಹದಿನಾಲ್ಕು ಸಲ ಅವನು ಅವಳಿಗಿಂತ ಮುಂದೆ, ಯಾರೂ ಏನೂ ಮೋಸ ಮಾಡದೆಯೇ. ಮೋಸ ಮಾಡಿದವನಾದರೆ ಒಂದು ದಿನ ಸಿಕ್ಕಿಬೀಳುತ್ತಾನೆ. ಇಲ್ಲಿ ಸಿಕ್ಕಿಬೀಳಲು ಯಾರೂ ಇಲ್ಲ. ಪದ್ಧತಿಯೇ ಹೀಗೆ ಕೂತಿತ್ತು, ಅದಕ್ಕೆ ಕುಂಕುಮ ಹಚ್ಚಿ ಎಲ್ಲರೂ ಕೈ ಮುಗಿದಿದ್ದರು, ಅವಳೂ ಮುಗಿದಿದ್ದಳು. ಜನವರಿಯಲ್ಲಿ ಬಂದದ್ದು ಸಿಟ್ಟೇ ಅಲ್ಲ, ಸಿಟ್ಟು ಈಗ ಬಂತು.

ಮರುದಿನ ಪಂಪಾವತಿಯನ್ನೂ ತಾಜಬೀಯನ್ನೂ ಕರೆದು ಗಡಿಗೆಯ ಮುಂದೆ ಕೂರಿಸಿದಳು. ಇಬ್ಬರೂ ಅವಳ ತಂಡದವರು, ಇಬ್ಬರಿಗೂ ಅದೇ ತೂಬಿನ ನೀರು. ಅವರೂ ತೆಗೆದು ನೋಡಿದರು, ಅವರಿಗೂ ಬಿಳಿಯೇ ಬಂತು. ಬೀಜದ ಲೆಕ್ಕ ತಿಳಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ. ತಾಜಬೀ ಅಂತೂ, ಇದನ್ನು ತಿಳಿಯಲು ಹನ್ನೆರಡು ಹಂಗಾಮು ಬೇಕಾಯಿತಲ್ಲ ಎಂದು ಹಣೆ ಚಚ್ಚಿಕೊಂಡಳು. ಪಂಪಾವತಿ ಕೈಯಲ್ಲಿದ್ದ ಬಿಳಿ ಬೀಜವನ್ನು ಗಡಿಗೆಗೆ ಹಾಕಿ ಮಾತಾಡಿದಳು. ಪ್ರತಿ ಹಂಗಾಮಿನಲ್ಲೂ ಪಾಳಿ ಹಿಂದೆ ಬಂದಾಗ ತಾನು ಏನು ಪಾಪ ಮಾಡಿದ್ದೇನೋ ಎಂದು ದೇವಿಗೆ ಒಂದು ಹರಕೆ ಹೊತ್ತು ತೀರಿಸುತ್ತಿದ್ದಳಂತೆ. ಅದನ್ನು ಕೇಳಿದ ಮೇಲೆ ಶಾಂತಕ್ಕನ ಸಿಟ್ಟಿಗೆ ಇನ್ನಷ್ಟು ಕಟ್ಟಿಗೆ ಬಿತ್ತು.

ಜುಲೈ ಬಂತು. ಕಾಲುವೆಗೆ ನೀರು ಬಿಡುವ ಸುದ್ದಿ ಬಂದ ದಿನವೇ ಜೆಸಿಬಿ ಬಂದು ಹೂಳು ಬಳಿದು ಹೋಯಿತು. ಶಾಂತಕ್ಕನ ಮಡಿಯಲ್ಲಿ ಸಸಿಗೆ ಆಗಲೇ ಇಪ್ಪತ್ತೆರಡು ದಿನ. ಮೊದಲ ನಾಲ್ಕೈದು ದಿನದಲ್ಲಿ ನೀರು ಸಿಕ್ಕರೆ ಈ ವರ್ಷ ಅವಳ ಗದ್ದೆಯಲ್ಲೂ ತೆಂಡೆ ಒಡೆದೀತು. ಇಲ್ಲದಿದ್ದರೆ ಮತ್ತೆ ಅದೇ ಕಡ್ಡಿ, ಅದೇ ಜೊಳ್ಳು.

ಬೆಳಿಗ್ಗೆ ಒಂಬತ್ತಕ್ಕೆ ಬೇವಿನ ಕಟ್ಟೆಯ ಮೇಲೆ ಒಂಬತ್ತೂ ಮನೆಯವರು ಸೇರಿದರು. ಕೆಲಸ ಹುಡುಕಿಕೊಂಡು ಬಂದ ನಾಟಿ ತಂಡದ ಹೆಣ್ಣುಮಕ್ಕಳು ಸ್ವಲ್ಪ ದೂರದಲ್ಲಿ ನಿಂತರು. ಪೂಜಾರಿ ಕೊಡಕ್ಕೆ ಕೈ ಹಾಕುವ ಮೊದಲೇ ಶಾಂತಕ್ಕ ಗಡಿಗೆ ತಂದು ಕುಬೇರಪ್ಪನ ಮುಂದಿಟ್ಟಳು. ಬಿಳಿಯವು ನೀವು, ಕೆಂಪು ನಾನು, ನೀವೇ ತೆಗೆಯಿರಿ ಎಂದಳು. ಕುಬೇರಪ್ಪ ಮಕ್ಕಳಾಟ ಎಂದು ನಗುತ್ತಲೇ ಕೈ ಹಾಕಿದ. ಮೊದಲ ಸಲ ಬಿಳಿ ಮುಂದೆ ಬಂತು. ಎರಡನೆಯ ಸಲವೂ ಬಿಳಿಯೇ. ಆರು ಸಲ ಆದ ಮೇಲೆ ನಗು ನಿಂತಿತು. ಹತ್ತು ಸಲ ಆದಾಗಲೂ ಕೆಂಪಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ನಾಲ್ಕೆಕರೆಯ ಹೊನ್ನೂರಪ್ಪ ಬಗ್ಗಿ ಗಡಿಗೆಯೊಳಗೆ ನೋಡಿದ, ಬೀಜ ಎಣಿಸಿದ, ತಲೆ ಕೆರೆದುಕೊಂಡು ಹಿಂದೆ ಸರಿದ.

ಕುಬೇರಪ್ಪ ದಡ್ಡನಲ್ಲ. ಅವನ ಮಾತಿನಲ್ಲೂ ಒಂದು ನ್ಯಾಯವಿತ್ತು. ತನ್ನ ನೀರಿನ ತೆರಿಗೆ ಹದಿನಾಲ್ಕು ಎಕರೆಯದು, ಜೆಸಿಬಿಗೆ ಕೊಟ್ಟದ್ದು ಹದಿನಾಲ್ಕು ಎಕರೆಯದು, ಒಣಗಿದರೆ ಲುಕ್ಸಾನು ಹದಿನಾಲ್ಕು ಎಕರೆಯದು, ಹೀಗಿರುವಾಗ ಚೀಟಿ ಮಾತ್ರ ಒಂದು ಯಾಕೆ ಎಂದು ಕೇಳಿದ. ದೊಡ್ಡಬಸಪ್ಪ, ಮಲ್ಲೇಶ ತಲೆಯಾಡಿಸಿದರು. ಶಾಂತಕ್ಕ ಇದನ್ನು ಕೇಳಲೆಂದೇ ಎರಡು ತಿಂಗಳು ಕಾದಿದ್ದಳು.

‘ಎಕರೆಗೆ ಎಂಟು ತಾಸು ನೀರು ತಗೋತೀರಿ,’ ಅಂದಳು. ‘ಹದಿನಾಲ್ಕು ಎಕರೆಗೆ ನೂರಾ ಹನ್ನೆರಡು ತಾಸು. ಅದಕ್ಕ ನಾ ತಕರಾರು ತಗದಿಲ್ಲ, ನಿಮ್ಮ ಹೊಲ ದೊಡ್ಡದೈತಿ, ನೀರು ಜಾಸ್ತಿ ಬೇಕು. ಎಕರೆ ಲೆಕ್ಕ ಅಲ್ಲಿಗಿ ಮುಗೀತು. ತಾಸಿನಾಗ ಒಮ್ಮಿ ತಗೊಂಡು, ಚೀಟಿನಾಗ ಅದ ಎಕರೆ ಮತ್ತೊಮ್ಮಿ ಯಾಕ ತಗೋತೀರಿ? ಒಂದೊಂದು ಎಕರೆದವರು ನಾವು ಮೂರೂ ಮನಿ ಮೊದಲ ಆದ್ರ ನೀವು ಕಾಯೋದು ಒಂದ ದಿನ. ನೀವೊಬ್ರು ಮೊದಲ ಆದ್ರ ನಾವು ಕಾಯೋದು ಐದು ದಿನ. ಒಂದು ದಿನ ಕಾಯಾಕ ನಿಮಗ ಹದಿನಾಲ್ಕು ಚೀಟಿ ಬೇಕೇನು?’

ಮನೆಗೊಂದು ಚೀಟಿ ಮಾಡೋಣ ಎಂದು ಮೊದಲು ಹೇಳಿದವಳು ತಾಜಬೀ. ಹಾಗಾದರೆ ಕೈ ಎತ್ತಿಸಿ ಎಣಿಸೋಣ ಎಂದ ಕುಬೇರಪ್ಪ. ಪಂಪಾವತಿ, ಮಂಜೂರ, ಸುಭಾಷ್ ಕೈ ಎತ್ತಿದರು, ಹೊನ್ನೂರಪ್ಪನೂ ತುಸು ತಡೆದು ಎತ್ತಿದ. ತಾಜಬೀ, ಶಾಂತಕ್ಕ ಸೇರಿ ಆರು ಮನೆ. ಆ ಕಡೆ ಮೂರು. ಕುಬೇರಪ್ಪ ನಿಧಾನವಾಗಿ ಎಣಿಸಿ, ಸೋತಿರಿ ಎಂದ. ಈ ತೂಬಿನಲ್ಲಿ ಎಲ್ಲವೂ ಎಕರೆ ಲೆಕ್ಕ, ಕೈಯೂ ಎಕರೆ ಲೆಕ್ಕವೇ. ನಿಮ್ಮದು ಹನ್ನೊಂದು ಕೈ, ನಮ್ಮದು ಇಪ್ಪತ್ತೊಂಬತ್ತು.

ಮಂಜೂರ ಕೈ ಕೆಳಗಿಳಿಸಿದ. ಸುಭಾಷ್ ನೆಲ ನೋಡಿದ. ಎಷ್ಟು ಸಲೀಸಾಗಿ ಹೇಳಿದನಲ್ಲ, ಒಬ್ಬ ಮನುಷ್ಯನಿಗೆ ಹದಿನಾಲ್ಕು ಕೈ ಎಂದು. ಚೀಟಿಯ ಲೆಕ್ಕವನ್ನು ಪ್ರಶ್ನಿಸಲು ಹೋದರೆ, ಕೇಳುವ ಬಾಯಿಯನ್ನೂ ಅದೇ ಲೆಕ್ಕದಲ್ಲಿ ಅಳೆಯುತ್ತಾರೆ. ಶಾಂತಕ್ಕನ ಸೆರಗು ಸೊಂಟಕ್ಕೆ ಏರಿತು. ಆದರೆ ದನಿ ಏರಲಿಲ್ಲ. ಅವಳ ದನಿ ಏರದಿದ್ದರೆ ಹೆದರಬೇಕು ಎಂಬುದು ತಂಡದ ಹೆಣ್ಣುಮಕ್ಕಳಿಗೆ ಗೊತ್ತು. ಅವರು ಮಾತು ನಿಲ್ಲಿಸಿ ಹತ್ತಿರ ಬಂದರು.

‘ಛಲೋ ಆತು,’ ಅಂದಳು. ‘ನಿಮಗ ಹದಿನಾಲ್ಕು ಕೈ ಅದಾವ ಅಂದ್ರ ಆ ಹದಿನಾಲ್ಕು ಕೈಲೆ ಈ ಸಲ ನಾಟಿನೂ ಮಾಡ್ಕೋರಿ. ನಮ್ಮ ಕೈ ನಿಮ್ಮ ಗದ್ದ್ಯಾಗ ಇಳಿಯಂಗಿಲ್ಲ.’

ಹದಿನೆಂಟು ಹೆಣ್ಣುಮಕ್ಕಳಲ್ಲಿ ಒಬ್ಬಳೂ ಕೂಲಿಯ ಮಾತು ಎತ್ತಲಿಲ್ಲ. ಅವಳ ಹಿಂದೆ ಬಂದು ನಿಂತರು. ಆ ವಾರ ಕಾಲುವೆಯ ಉದ್ದಕ್ಕೂ ನಾಟಿಯ ಗಡಿಬಿಡಿ, ಬೇರೆ ಊರಿನ ತಂಡಗಳನ್ನು ತಿಂಗಳ ಮೊದಲೇ ಹಿಡಿದಿರುತ್ತಾರೆ. ಮೊದಲ ಪಾಳಿಯ ನೀರು ಬಂದರೂ ನೆಡುವವರಿಲ್ಲದಿದ್ದರೆ ಗದ್ದೆಯಲ್ಲಿ ನಿಲ್ಲುವುದು ಬರೀ ನೀರು. ಕುಬೇರಪ್ಪ ದೊಡ್ಡಬಸಪ್ಪನ ಮುಖ ನೋಡಿದ, ದೊಡ್ಡಬಸಪ್ಪ ಮಲ್ಲೇಶನ ಮುಖ ನೋಡಿದ. ಕೊನೆಗೆ, ಆಗಲಿ, ಈ ಒಂದು ಹಂಗಾಮು ಮನೆಗೊಂದೇ ಚೀಟಿ ಎಂದು ಕುಬೇರಪ್ಪ ಒಪ್ಪಿದ. ಒಪ್ಪುವಾಗಲೂ ಒಂದು ಮುಳ್ಳು ಸೇರಿಸುವುದನ್ನು ಮರೆಯಲಿಲ್ಲ. ಆಮೇಲೆ ಮೋಸ ಆಯಿತು ಎಂದು ಮತ್ತೆ ಕೊಡ ಬೋರಲು ಹಾಕುವುದು ಬೇಡ. ಪೂಜಾರಿ ಎತ್ತುವುದೂ ಬೇಡ. ಒಂಬತ್ತೂ ಚೀಟಿಯನ್ನು ಶಾಂತಕ್ಕನೇ ತನ್ನ ಕೈಯಿಂದ ಎತ್ತಲಿ ಎಂದ.

ಮಂಜೂರ ಒಂಬತ್ತು ಚೀಟಿ ಬರೆದು ಮಡಿಚಿ ಹಾಕಿದ. ನಲವತ್ತು ಚೀಟಿ ಹಿಡಿಯುತ್ತಿದ್ದ ಕೊಡದಲ್ಲಿ ಒಂಬತ್ತು ಕಾಣಿಸಲೇ ಇಲ್ಲ. ಶಾಂತಕ್ಕ ಮುಖ ತಿರುಗಿಸಿ ಕೈ ಹಾಕಿದಳು. ಕುಬೇರಪ್ಪನಿಗೆ ಒಂದು, ತನಗೂ ಒಂದು. ಹನ್ನೆರಡು ಹಂಗಾಮು ಕಳೆದ ಮೇಲೆ ಮೊದಲ ಸಲ ಅವಳ ಕೈಗೂ ಅವಳ ಹೆಸರಿಗೂ ನಡುವೆ ಯಾರ ಎಕರೆಯೂ ಅಡ್ಡ ಇರಲಿಲ್ಲ.

ಮೊದಲ ಚೀಟಿ ಪಂಪಾವತಿಯದು. ಪಂಪಾವತಿ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು. ಅವಳ ಒಂದೆಕರೆಗೆ ಮೊದಲ ದಿನವೇ ನೀರು ಎಂಬುದನ್ನು ಅವಳೂ ನಂಬಲಿಲ್ಲ, ಉಳಿದವರೂ ನಂಬಲಿಲ್ಲ. ಎರಡನೆಯದು ಮಲ್ಲೇಶನದು. ಮೂರನೆಯದು ತಾಜಬೀ. ಪರವಾಗಿಲ್ಲ, ಇನ್ನೂ ಆರು ಉಳಿದಿವೆ, ಆರರಲ್ಲಿ ಒಂದು ನನ್ನದು ಎಂದುಕೊಂಡು ಶಾಂತಕ್ಕ ಮತ್ತೆ ಕೈ ಹಾಕಿದಳು. ನಾಲ್ಕನೆಯದು ಕುಬೇರಪ್ಪನದು ಬಂತು. ಅವನ ಹದಿನಾಲ್ಕು ಎಕರೆ ತನ್ನ ಮುಂದೆ ಕೂತರೆ ಐದು ದಿನ ಹೋಯಿತೆಂದೇ ಅರ್ಥ. ಐದನೆಯದು ಮಂಜೂರ, ಆರನೆಯದು ಹೊನ್ನೂರಪ್ಪ. ಮೂರು ಉಳಿದವು. ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಏಳನೆಯದು ಸುಭಾಷ್.

ಇನ್ನು ಕೊಡದಲ್ಲಿ ಎರಡೇ. ಒಂದು ದೊಡ್ಡಬಸಪ್ಪನ ಒಂಬತ್ತು ಎಕರೆ, ಇನ್ನೊಂದು ಅವಳದು. ಎರಡರಲ್ಲಿ ಒಂದು. ಅವಳ ಬದುಕಿನಲ್ಲಿ ಇಷ್ಟು ನೇರವಾದ ಲೆಕ್ಕವನ್ನು ಅವಳ ಮುಂದೆ ಯಾರೂ ಇಟ್ಟಿರಲಿಲ್ಲ. ತನ್ನದು ಬಂದರೆ ಹತ್ತು ದಿನ, ಬರದಿದ್ದರೆ ಹದಿಮೂರು. ಕೈಗೆ ಎರಡೂ ಚೀಟಿ ತಾಗಿದವು, ಒಂದನ್ನು ಹಿಡಿದಳು, ಬಿಟ್ಟಳು, ಇನ್ನೊಂದನ್ನು ಹಿಡಿದು ಎತ್ತಿದಳು. ಮಂಜೂರ ಬಿಡಿಸಿ, ಓದಲು ಮನಸ್ಸಾಗದೆ ಅವಳ ಮುಖ ನೋಡಿದ. ದೊಡ್ಡಬಸಪ್ಪ ಎಂದು ಕೊನೆಗೂ ಓದಿದ.

ಆಮೇಲೆ ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು, ನಗು ಕಟ್ಟೆಯ ಈ ತುದಿಯವರೆಗೂ ಬಂತು. ಶಾಂತಕ್ಕನ ಕಣ್ಣು ತುಂಬಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಅವಳ ಸಸಿ ಈ ವರ್ಷವೂ ಮೂವತ್ತೈದು ದಿನ ದಾಟುತ್ತದೆ. ಎರಡು ತಿಂಗಳು ಹುಣಸೆಬೀಜ ಎಣಿಸಿದ್ದು, ಊರನ್ನೆಲ್ಲ ಎದುರು ಹಾಕಿಕೊಂಡಿದ್ದು, ಕಡೆಗೆ ತನ್ನದೇ ಕೈ ತನ್ನನ್ನು ಕೊನೆಗೆ ತಂದು ಕೂರಿಸಿತ್ತು. ಕೊಡವನ್ನು ಎತ್ತಿ ಕಾಲುವೆಗೆ ಎಸೆಯುವಷ್ಟು ಸಿಟ್ಟು ಬಂತು ಅವಳಿಗೆ.

ಕುಬೇರಪ್ಪ ಎದ್ದು ಪಂಚೆ ಕೊಡವಿದ. ದೇವಿ ಯಾರ ಕಡೆ ಎಂಬುದು ಈಗಲಾದರೂ ತಿಳಿಯಿತಲ್ಲ ಎಂದ. ಆಮೇಲೆ ದನಿ ಮೆತ್ತಗೆ ಮಾಡಿ ಕೇಳಿದ. ‘ಈಗರ ಹೇಳು ಶಾಂತಕ್ಕ. ಮುಂದಿನ ಹಂಗಾಮಿಗೆ ಹಳೀ ಪದ್ಧತಿನ ಇರಲೇನು?’

ಎಲ್ಲರೂ ಅವಳ ಕಡೆ ತಿರುಗಿದರು. ಶಾಂತಕ್ಕ ಈಗ ಹೂಂ ಅಂದರೆ ಮನೆಗೊಂದು ಚೀಟಿಯ ಮಾತು ಅಲ್ಲಿಗೆ ಸತ್ತಂತೆ. ಅದನ್ನು ಮತ್ತೆ ಎತ್ತಲು ಯಾರಿಗೂ ಬಾಯಿ ಇರುವುದಿಲ್ಲ.

‘ಬ್ಯಾಡ,’ ಅಂದಳು ಶಾಂತಕ್ಕ. ‘ಒಂಬತ್ತರಾಗ ಒಬ್ರು ಕೊನಿಗಿ ಬರಾಕ ಬೇಕು, ಇವತ್ತು ನಾ ಬಂದೀನಿ. ನಾಳಿ ನೀವೂ ಬರಬೌದು. ಹಿಂದಿನ ಹನ್ನೆರಡು ಹಂಗಾಮು ನೀವು ಬರಾಕ ಸಾಧ್ಯನ ಇರಲಿಲ್ಲ. ಮನಿಗೊಂದ ಚೀಟಿ, ಮುಂದಿನ ಸಲನೂ, ಅದರ ಮುಂದಿನ ಸಲನೂ. ಇಲ್ಲಂದ್ರ ನಿಮ್ಮ ಹದಿನಾಲ್ಕು ಕೈ ನಿಮಗಿರಲಿ.’

ಕುಬೇರಪ್ಪ ಹೆಣ್ಣುಮಕ್ಕಳ ಕಡೆ ನೋಡಿದ. ಅವರು ಕದಲಲಿಲ್ಲ. ಅವನು ಏನೋ ಗೊಣಗಿದ, ಆದರೆ ಇಲ್ಲ ಎನ್ನಲಿಲ್ಲ. ನಾಳೆ ಬೆಳಗಾಗುವ ಹೊತ್ತಿಗೆ ಪಂಪಾವತಿಯ ಗದ್ದೆಯ ಮೇಲೆ ಎಲ್ಲರೂ ಇರಬೇಕೆಂದು ಶಾಂತಕ್ಕ ತಂಡಕ್ಕೆ ಹೇಳಿದಳು.

ಮಂಜೂರ ತೂಬಿನ ಪಕ್ಕದ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಪಾಳಿ ಬರೆಯತೊಡಗಿದ. ಎಂಟು ಹೆಸರು ಬರೆದು ನಿಲ್ಲಿಸಿದ. ಶಾಂತಕ್ಕ ಅವನ ಪಕ್ಕಕ್ಕೆ ಹೋಗಿ ನಿಂತಳು.

‘ಬರಿಯಪಾ,’ ಅಂದಳು. ‘ಇಷ್ಟು ವರ್ಷ ನೀ ನನ್ನ ಹೆಸರು ಕೊನಿಗಿ ಬರದದ್ದು ಸುಳ್ಳಿತ್ತು. ಇದು ಖರೆ ಐತಿ, ಬರಿ.’